ನಿದ್ದೆಯಲ್ಲಿ ಮಾತ್ರ ಬರುವ ಜರ್ಕ್: ಆಲ್ದೂರು ಕಡೆಯ ಒಂದು ಕೂಸಿನ ಪ್ರಕರಣ

ವಿಡಿಯೋ 47 ಸೆಕೆಂಡಿನದು. ತೊಟ್ಟಿಲಲ್ಲಿ ಕೂಸು ಮಲಗಿದೆ. ಹೊರಗೆ ಹೆಂಚಿನ ಮೇಲೆ ಮಳೆ ಬೀಳುವ ಸದ್ದು. ಮೊದಲು ಎಡಗೈ ಒಂದು ಸಲ ಎಗರುತ್ತದೆ. ಆಮೇಲೆ ಎರಡೂ ಕೈ, ಒಟ್ಟಿಗೆ, ಟಕ್ ಟಕ್ ಟಕ್ ಅಂತ. ನಾಲ್ಕು ಸಲ, ಐದು ಸಲ. ಸ್ವಲ್ಪ ಬಿಡುವು. ಮತ್ತೆ ಶುರು. "ಅಯ್ಯೋ, ಮತ್ತೆ ಬಂತು" ಎಂದು ಯಾರೋ ಹೆಂಗಸು ಕೂಗುತ್ತಾರೆ. ಒಂದು ಕೈ ಬಂದು ಕೂಸಿನ ತೋಳನ್ನು ಒತ್ತಿ ಹಿಡಿಯುತ್ತದೆ. ಜರ್ಕ್ ನಿಲ್ಲುವುದಿಲ್ಲ. ವಿಡಿಯೋ ಅಲ್ಲಿಗೆ ಮುಗಿಯುತ್ತದೆ.

ಜುಲೈ ತಿಂಗಳ ಒಂದು ಬೆಳಿಗ್ಗೆ, ಹಾಸನದಲ್ಲಿ, ಕೂಸಿನ ತಂದೆ ಇದನ್ನು ನನಗೆ ತೋರಿಸಿದರು. ನೋಡಿ ನನಗೂ ಎದೆ ಧಸಕ್ ಎಂದಿತು. ನಾನು ಡಾಕ್ಟರ್ ಅಲ್ಲ. ಎಳೆಗೂಸುಗಳು ಮಲಗಿದಾಗ, ಎದ್ದಿದ್ದಾಗ ಹೇಗೆ ಅಲುಗಾಡುತ್ತವೆ, ಅದರಿಂದ ಅವುಗಳ ಮಿದುಳಿನ ಬೆಳವಣಿಗೆ ಬಗ್ಗೆ ಏನು ತಿಳಿಯಬಹುದು ಎಂದು ನೋಡಿ ದಾಖಲಿಸುವುದು ನನ್ನ ಕೆಲಸ. ಇಲ್ಲಿನ ಒಬ್ಬ ಮಕ್ಕಳ ಡಾಕ್ಟರ ಜೊತೆ ಕೂತು ಇಂಥ ಕೂಸುಗಳನ್ನು ನೋಡುತ್ತೇನೆ. ರೋಗ ಏನು ಎಂದು ತೀರ್ಮಾನಿಸುವುದು, ಔಷಧ ಬರೆಯುವುದು ಅವರ ಕೆಲಸ. ಮನೆಯವರ ಒಪ್ಪಿಗೆ ಪಡೆದೇ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ.

ಮನೆ ಮತ್ತು ಹೆರಿಗೆ

ತಾಯಿಯ ತವರು ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರು ಕಡೆ, ಒಂದು ಕಾಫಿ ತೋಟದ ಪಕ್ಕ. ತಾಯಿಯ ಅಪ್ಪ ಅದೇ ತೋಟದಲ್ಲಿ ರೈಟರ್, ಅಂದರೆ ತೋಟದ ಲೆಕ್ಕ ನೋಡಿಕೊಳ್ಳುವವರು. ಕೂಸಿನ ತಂದೆಗೆ ಹಾಸನದಲ್ಲಿ ಕೆಲಸ. ಶನಿವಾರ ರಾತ್ರಿ ಬಂದು ಭಾನುವಾರ ಸಂಜೆ ಹೋಗುತ್ತಿದ್ದರು. ಬಾಣಂತನವೆಲ್ಲ ಅಜ್ಜಿಯದೇ.

38 ವಾರ ತುಂಬಿ ಮಾಮೂಲಿ ಹೆರಿಗೆ ಆಗಿತ್ತು. ಗಂಡು ಕೂಸು, 2.8 ಕೆಜಿ. ಹುಟ್ಟಿದ ಕೂಡಲೇ ಅತ್ತಿತ್ತು. ಮೂರನೇ ದಿನ ಮನೆಗೆ ಕಳಿಸಿದ್ದರು. ಎರಡೂ ಕಡೆಯ ಮನೆಯಲ್ಲಿ ಯಾರಿಗೂ ಫಿಟ್ಸ್ ಇಲ್ಲ. ಇದಿಷ್ಟು ಮುಖ್ಯ ವಿವರ. ಹೆರಿಗೆಯಲ್ಲಿ ಕೂಸಿಗೆ ಉಸಿರು ಕಟ್ಟಿದ್ದರೆ, ತಡವಾಗಿ ಅತ್ತಿದ್ದರೆ, ಜ್ವರ ಬಂದಿದ್ದರೆ ಇಡೀ ಲೆಕ್ಕಾಚಾರವೇ ಬೇರೆ ಆಗುತ್ತಿತ್ತು.

ಒಂಬತ್ತನೇ ದಿನ ರಾತ್ರಿ ಮೊದಲ ಸಲ ಕೈ ಎಗರಿತು. ಹತ್ತನೇ ದಿನ ಕಾಲೂ ಸೇರಿಕೊಂಡಿತು. ಅಜ್ಜಿ ಆ ಪದವನ್ನು ಜೋರಾಗಿ ಹೇಳಲಿಲ್ಲವಂತೆ. ಅಡುಗೆಮನೆಗೆ ಹೋಗಿ ಗಂಡನ ಹತ್ತಿರ ಮಾತ್ರ ಹೇಳಿದರು: "ಬಾಲಗ್ರಹ ಇರಬಹುದು."

ಕೂಸಿಗೆ ಗ್ರಹ ಹಿಡಿದು ಫಿಟ್ಸ್ ಬರುತ್ತದೆ ಎಂಬ ನಂಬಿಕೆ ಅದು. ನಮ್ಮ ಕಡೆ ಆ ಪದಕ್ಕೆ ಎಂಥ ತೂಕ ಇದೆ ಎಂದು ಗೊತ್ತಿರುವವರಿಗೆ ಗೊತ್ತು. ಪಕ್ಕದ ಮನೆಯವರು ತಾಯತ ತಂದರು. ಇನ್ನೊಬ್ಬರು ಬಜೆ ತೇಯ್ದು ನೆಕ್ಕಿಸಿ ಎಂದರು. ದೂರದ ನೆಂಟರೊಬ್ಬರು ಬರೆ ಹಾಕಿಸುವ ಮಾತೆತ್ತಿದರು. ಅಜ್ಜಿ ಅವರನ್ನು ಬಾಗಿಲಿನಿಂದಲೇ ವಾಪಸ್ ಕಳಿಸಿದರು. "ನನ್ನ ತಮ್ಮನಿಗೆ ಹಾಕಿಸಿದ್ರು. ಆ ಕಲೆ ಇವತ್ತಿಗೂ ಐತೆ" ಎಂದು ನನ್ನ ಹತ್ತಿರ ಹೇಳಿದರು. ಈ ಒಂದು ಕಾರಣಕ್ಕೇ ಆ ಅಜ್ಜಿಯ ಮೇಲೆ ನನಗೆ ಮೊದಲ ದಿನವೇ ಗೌರವ ಬಂತು.

ಸಿರಪ್ ಶುರುವಾದದ್ದು

12ನೇ ದಿನ ಹತ್ತಿರದ ಒಂದು ಕ್ಲಿನಿಕ್‌ಗೆ ಹೋದರು. ಅಲ್ಲಿಗೆ ಹೋಗುವಾಗ ಕೂಸು ಎಚ್ಚರವಾಗಿತ್ತು. ಹಾಗಾಗಿ ಅಲ್ಲಿನ ಡಾಕ್ಟರಿಗೆ ಜರ್ಕ್ ನೋಡಲು ಸಿಗಲಿಲ್ಲ. ಸಿಕ್ಕಿದ್ದು ಆ 47 ಸೆಕೆಂಡಿನ ವಿಡಿಯೋ ಮಾತ್ರ. ಫಿಟ್ಸ್ ಎಂದು ಫಿನೋಬಾರ್ಬಿಟಾಲ್ ಸಿರಪ್ ಬರೆದುಕೊಟ್ಟರು. ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಪರೀಕ್ಷೆ ಮಾಡಿಸಲಿಲ್ಲ.

ಅವರನ್ನು ದೂರುವುದು ಸುಲಭ. ಆದರೆ ಎಳೆಗೂಸಿನ ಫಿಟ್ಸ್ ದೊಡ್ಡವರ ಫಿಟ್ಸ್ ಥರ ಇರಲ್ಲ. ಕಣ್ಣು ಒಂದೇ ಕಡೆ ನೆಟ್ಟು ನಿಲ್ಲಬಹುದು, ಬಾಯಿ ಚಪ್ಪರಿಸಬಹುದು, ಸೈಕಲ್ ತುಳಿದ ಹಾಗೆ ಕಾಲು ಆಡಬಹುದು, ಕೆಲವು ಸೆಕೆಂಡು ಉಸಿರು ನಿಲ್ಲಬಹುದು. ಅಷ್ಟೇ. ಅಂಥದ್ದನ್ನು ಕಡೆಗಣಿಸಿದರೆ ಕೂಸಿನ ಜೀವಕ್ಕೇ ಅಪಾಯ. ಹೊರಗೆ ಸಾಲುಗಟ್ಟಿ ಜನ ಕೂತಿರುವ ಕ್ಲಿನಿಕ್‌ನಲ್ಲಿ ಹತ್ತು ನಿಮಿಷದೊಳಗೆ ತೀರ್ಮಾನ ಆಗಬೇಕು. ನಿಜವಾದ ಫಿಟ್ಸ್ ಇದ್ದಾಗ ಇದೇ ಔಷಧ ಕೂಸನ್ನು ಉಳಿಸುತ್ತದೆ ಎಂಬುದನ್ನೂ ಮರೆಯಬಾರದು.

ಇಲ್ಲಿ ಆಗಿದ್ದು ಬೇರೆ. ಸಿರಪ್ ಶುರುವಾದ ಮೇಲೂ ಜರ್ಕ್ ಕಡಿಮೆ ಆಗಲಿಲ್ಲ. ಕೂಸು ಮಂಕಾಯಿತು. ಮೊಲೆ ಕಚ್ಚಿಸಿದರೆ ಎರಡೇ ನಿಮಿಷಕ್ಕೆ ನಿದ್ದೆ. ತಾಯಿಗೆ ಹಾಲು ಕಟ್ಟಿಕೊಂಡು ನೋವು. ಹುಟ್ಟಿದ 27ನೇ ದಿನ ಹಾಸನಕ್ಕೆ ಬಂದಾಗ ತೂಕ 2.96 ಕೆಜಿ ಇತ್ತು. ಕೂಸುಗಳು ಮೊದಲ ವಾರ ಸ್ವಲ್ಪ ಇಳಿದು, ಹತ್ತರಿಂದ ಹದಿನಾಲ್ಕು ದಿನಕ್ಕೆ ಹುಟ್ಟಿದಾಗಿನ ತೂಕಕ್ಕೆ ಮರಳುತ್ತವೆ. ಆಮೇಲೆ ದಿನಕ್ಕೆ 25ರಿಂದ 30 ಗ್ರಾಂ ಏರಬೇಕು. ಆ ಲೆಕ್ಕದಲ್ಲಿ 3.2 ಕೆಜಿ ಆಸುಪಾಸು ಇರಬೇಕಿತ್ತು.

ಅಜ್ಜಿ ಕೊಟ್ಟ ಸುಳಿವು

ಚಿಕ್ಕಮಗಳೂರಿನಿಂದ ಬೇಲೂರು ಮೇಲೆ ಹಾಸನಕ್ಕೆ ಸುಮಾರು 60 ಕಿಲೋಮೀಟರ್. ಅದಕ್ಕೆ ಮೊದಲು ತೋಟದಿಂದ ಡಾಂಬರು ರಸ್ತೆ ಮುಟ್ಟುವವರೆಗೆ ಜೀಪಿನ ದಾರಿ. ಬಂದವರು ಕುರ್ಚಿಯಲ್ಲಿ ಕೂರುವ ಮೊದಲೇ ಅಜ್ಜಿ ಹೇಳಿದರು: "ಜೀಪಲ್ಲಿ ಬರ್ತಾ ಬಹಳ ಬಂತು ಮೇಡಂ. ತೊಟ್ಟಿಲು ತೂಗಿದ್ರೂ ಜಾಸ್ತಿ. ಸುಮ್ನೆ ತೊಡೆ ಮೇಲೆ ಮಲಗಿಸ್ಕೊಂಡ್ರೆ ಅಷ್ಟೊಂದಿಲ್ಲ."

ಡಾಕ್ಟರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ತೊಟ್ಟಿಲು ಹೇಗೆ ತೂಗ್ತೀರಿ ಅಜ್ಜಿ?"

ತಲೆಯ ಕಡೆಗೆ ಹಗ್ಗ ಕಟ್ಟಿದ್ದರು. ಕೆಲಸ ಮಾಡುತ್ತಲೇ ಕೂತಲ್ಲಿಂದ ಎಳೆಯುತ್ತಿದ್ದರು. ಅಂದರೆ ಕೂಸು ಅಡ್ಡಕ್ಕೆ ತೂಗುತ್ತಿರಲಿಲ್ಲ. ತಲೆಯಿಂದ ಕಾಲಿನ ಕಡೆಗೆ, ಕಾಲಿನಿಂದ ತಲೆಯ ಕಡೆಗೆ ಹೋಗಿ ಬರುತ್ತಿತ್ತು.

ಈ ಮಾತು ಯಾಕೆ ಮುಖ್ಯ ಎಂದು ಹೇಳಬೇಕು. ನಿದ್ದೆಯಲ್ಲಿ ಮಾತ್ರ ಬರುವ, ಅಪಾಯವಿಲ್ಲದ ಜರ್ಕ್ ಒಂದಿದೆ. ಅದಕ್ಕೆ ಬಿನೈನ್ ನಿಯೋನೇಟಲ್ ಸ್ಲೀಪ್ ಮಯೋಕ್ಲೋನಸ್ ಎನ್ನುತ್ತಾರೆ. ಕೋಲ್ಟರ್ ಮತ್ತು ಆಲನ್ ಎಂಬ ಡಾಕ್ಟರು 1982ರಲ್ಲಿ ಇದನ್ನು ಫಿಟ್ಸ್‌ನಿಂದ ಬೇರೆ ಮಾಡಿ ಬರೆದರು. ಸಾಮಾನ್ಯವಾಗಿ ಹುಟ್ಟಿದ ಮೊದಲ ಎರಡು ವಾರದಲ್ಲೇ ಕಾಣಿಸಿಕೊಳ್ಳುತ್ತದೆ. ಕೆಲವು ತಿಂಗಳಲ್ಲಿ ತಾನಾಗಿ ಹೋಗುತ್ತದೆ. ಮಲಗಿದ ಕೂಸನ್ನು ತಲೆಯಿಂದ ಕಾಲಿನ ದಿಕ್ಕಿಗೆ ನಿಧಾನವಾಗಿ ತೂಗಿದರೆ ಈ ಜರ್ಕ್ ಕೆದಕಿದ ಹಾಗೆ ಎದ್ದುಬರುತ್ತದೆ ಎಂದು 1995ರಲ್ಲಿ ಅಲ್ಫೊನ್ಸೊ ಮತ್ತು ಸಂಗಡಿಗರು ತೋರಿಸಿದರು. ಅಜ್ಜಿ ಅದೇ ಪ್ರಯೋಗವನ್ನು ಮನೆಯಲ್ಲಿ ಗೊತ್ತಿಲ್ಲದೆ ದಿನಾ ಮಾಡುತ್ತಿದ್ದರು. ಮಾಡಿದ್ದಷ್ಟೇ ಅಲ್ಲ, ಫಲಿತಾಂಶವನ್ನೂ ಗಮನಿಸಿದ್ದರು. ಕ್ಲಿನಿಕ್‌ನಲ್ಲಿ ಅವರನ್ನು ಯಾರೂ ಕೇಳಿರಲಿಲ್ಲ.

ಕೋಣೆಯಲ್ಲಿ ನೋಡಿದ್ದು

ತಾಯಿಗೆ ಹಾಲು ಕುಡಿಸಲು ಹೇಳಿದೆವು. ಕೂಸು ನಿದ್ದೆ ಹೋಗುವವರೆಗೆ ಕಾದೆವು. ಮುಕ್ಕಾಲು ಗಂಟೆ ಹಿಡಿಯಿತು. ಆ ಮುಕ್ಕಾಲು ಗಂಟೆ ಇಡೀ ಪ್ರಕರಣದ ಅತ್ಯಂತ ಬೆಲೆಬಾಳುವ ಸಮಯ ಎಂದು ನಾನು ನಂಬುತ್ತೇನೆ.

ಡಾಕ್ಟರು ಹಾಸಿಗೆಯನ್ನು ತಲೆಯಿಂದ ಕಾಲಿನ ಕಡೆಗೆ ಮೆಲ್ಲಗೆ ಅಲುಗಾಡಿಸಿದರು. ನಿಮಿಷ ಕಳೆಯುವುದರೊಳಗೆ ಎರಡೂ ಕೈ ಎಗರತೊಡಗಿದವು. ತಾಯಿ ಅಳಲು ಶುರು ಮಾಡಿದರು. ಡಾಕ್ಟರು ಒಂದು ತೋಳನ್ನು ಹಿಡಿದರು. ನಿಲ್ಲಲಿಲ್ಲ, ಕಾಲಿಗೂ ಬಂತು. ಕೂಸಿನ ಮುಖ ಮಾತ್ರ ಶಾಂತವಾಗಿತ್ತು. ಕಣ್ಣು ಮುಚ್ಚಿತ್ತು. ಮೈಬಣ್ಣ ಬದಲಾಗಲಿಲ್ಲ, ಉಸಿರು ತಪ್ಪಲಿಲ್ಲ.

"ಈಗ ಎಬ್ಬಿಸಿ ಅಮ್ಮ."

ತಾಯಿ ಅಂಗಾಲು ಕೆರೆದು, "ಪುಟ್ಟಾ, ಏಳೋ" ಎಂದರು. ಕೂಸು ಕಣ್ಣು ಬಿಟ್ಟಿತು. ಜರ್ಕ್ ಸ್ವಿಚ್ ಆರಿಸಿದ ಹಾಗೆ ನಿಂತಿತು. ಮತ್ತೆ ಮಲಗಿಸಿ ಇನ್ನೆರಡು ಸಲ ನೋಡಿದೆವು. ಎರಡು ಸಲವೂ ಹಾಗೇ.

ಎಳೆಗೂಸಿನ ಕೈಕಾಲು ಎಗರಿದರೆ ಮೂರು ಸಾಧ್ಯತೆ ಹತ್ತಿರ ಹತ್ತಿರ ಇರುತ್ತವೆ. ಎಚ್ಚರವಿದ್ದಾಗಲೂ ಸಣ್ಣಗೆ ನಡುಗುತ್ತಿದ್ದು, ಆ ಕೈ ಮಡಚಿ ಹಿಡಿದರೆ ನಿಂತುಬಿಟ್ಟರೆ ಅದು ನಡುಕ. ಸಕ್ಕರೆ ಅಥವಾ ಕ್ಯಾಲ್ಸಿಯಂ ಕಡಿಮೆ ಇದೆಯೇ ಎಂದು ನೋಡಬೇಕು. ಹಿಡಿದರೂ ನಿಲ್ಲದೆ, ಎಬ್ಬಿಸಿದರೂ ನಿಲ್ಲದೆ ಇದ್ದರೆ ಫಿಟ್ಸ್ ಎಂದೇ ಎಣಿಸಿ ಓಡಬೇಕು. ಹಿಡಿದರೆ ನಿಲ್ಲದು, ಎಬ್ಬಿಸಿದರೆ ತಕ್ಷಣ ನಿಲ್ಲುತ್ತದೆ, ಎಚ್ಚರದಲ್ಲಿ ಒಂದು ಸಲವೂ ಬರಲ್ಲ ಎಂದರೆ ನಿದ್ದೆಯ ಜರ್ಕ್ ಕಡೆಗೆ ಬೆರಳು ತೋರುತ್ತದೆ. ಇದನ್ನು ಡಾಕ್ಟರ ಎದುರು ನೋಡಬೇಕೇ ಹೊರತು ಮನೆಯಲ್ಲೇ ತೀರ್ಮಾನ ಮಾಡಿಕೊಳ್ಳಬಾರದು. ಕೂಸು ನೀಲಿ ತಿರುಗಿದರೆ, ಉಸಿರು ನಿಂತರೆ, ಎಚ್ಚರದಲ್ಲಿ ಜರ್ಕ್ ಬಂದರೆ, ಹಾಲು ಬಿಟ್ಟರೆ, ಮೈ ಬಿಸಿಯಾದರೆ ಅಥವಾ ತಣ್ಣಗಾದರೆ ವಿಡಿಯೋ ಮಾಡುತ್ತಾ ಕೂರಬಾರದು.

ನಮ್ಮ ಡಾಕ್ಟರು ಕಣ್ಣಿನಿಂದ ನೋಡಿದ್ದಕ್ಕೇ ನಿಲ್ಲಿಸಲಿಲ್ಲ. ರಕ್ತದ ಸಕ್ಕರೆ, ಕ್ಯಾಲ್ಸಿಯಂ ಸರಿ ಇತ್ತು. ನೆತ್ತಿಯ ಮೂಲಕ ಮಾಡುವ ತಲೆ ಸ್ಕ್ಯಾನ್ ಸರಿ ಇತ್ತು. ಎರಡು ದಿನ ಬಿಟ್ಟು ನಿದ್ದೆಯಲ್ಲೇ ಇಇಜಿ ಮಾಡಿಸಿದರು. ಯಂತ್ರ ಓಡುತ್ತಿರುವಾಗಲೇ ಜರ್ಕ್ ಬಂತು. ಆ ಹೊತ್ತಿನ ಗೆರೆಗಳಲ್ಲಿ ಫಿಟ್ಸ್ ಸುಳಿವು ಇರಲಿಲ್ಲ.

ಎರಡು ಬೇರೆ ಬೇರೆ ಅಲುಗಾಟ

ನನ್ನ ಕೆಲಸ ಶುರುವಾದದ್ದು ಇಲ್ಲಿಂದ. ನಿದ್ದೆ ಹತ್ತಿದಾಗಿನಿಂದ ಏಳುವವರೆಗೆ ಪೂರ್ತಿ ವಿಡಿಯೋ ಮಾಡಿ, ಆರು ಸಲ, ಎಂದು ತಂದೆಗೆ ಹೇಳಿದೆ. ಕರೆಂಟು ಹೋಗಿ ಬಂದು, ಫೋನ್ ಚಾರ್ಜ್ ಸಾಲದೆ, ಅಂತೂ ಹತ್ತು ದಿನಕ್ಕೆ ಆರು ವಿಡಿಯೋ ಬಂದವು. ತಂದೆ ರಜೆ ಹಾಕಿ ಮಾಡಿದ್ದರು.

ಕೂಸಿಗೆ ಎರಡು ಥರದ ನಿದ್ದೆ. ಒಂದನ್ನು ಚುರುಕು ನಿದ್ದೆ ಎನ್ನೋಣ. ರೆಪ್ಪೆಯ ಕೆಳಗೆ ಕಣ್ಣು ಓಡಾಡುತ್ತದೆ. ಉಸಿರು ಒಂದು ಸಲ ಜೋರು, ಒಂದು ಸಲ ನಿಧಾನ. ಬೆರಳೊಂದು ಅದುರುತ್ತದೆ, ತುಟಿ ಅದುರುತ್ತದೆ, ಕಾಲಿನ ಹೆಬ್ಬೆರಳು ಮಾತ್ರ ಎಗರುತ್ತದೆ. ಅಳುಮೋರೆ ಬರುತ್ತದೆ, ಒಂದು ನಗೆಯೂ ಬರುತ್ತದೆ. ಇನ್ನೊಂದು ಶಾಂತ ನಿದ್ದೆ. ಉಸಿರು ಒಂದೇ ಸಮ, ಮುಖ ಅಲುಗದು.

ವಿಡಿಯೋಗಳಲ್ಲಿ ದೊಡ್ಡ ಜರ್ಕ್‌ಗಳು ಹೆಚ್ಚಾಗಿ ಶಾಂತ ನಿದ್ದೆಯಲ್ಲೇ ಬಂದಿದ್ದವು. ಈ ಜರ್ಕ್‌ನ ಸ್ವಭಾವವೇ ಹಾಗೆ. ಆದರೆ ಮನೆಯವರು ಭಯದಲ್ಲಿ ಚುರುಕು ನಿದ್ದೆಯ ಸಣ್ಣ ಅದುರುವಿಕೆಯನ್ನೂ ಅದರ ಜೊತೆ ಸೇರಿಸಿ ಎಣಿಸುತ್ತಿದ್ದರು. "ದಿನಕ್ಕೆ ಐವತ್ತು ಸಲ ಬರುತ್ತೆ" ಎಂದು ಬರೆದಿಟ್ಟಿದ್ದರು. ಆ ಐವತ್ತರಲ್ಲಿ ಬಹುಪಾಲು ಜರ್ಕ್ ಅಲ್ಲವೇ ಅಲ್ಲ. ಎಲ್ಲ ಕೂಸುಗಳೂ ಮಾಡುವ ಅದುರುವಿಕೆ.

ಎರಡನೇ ಭೇಟಿಯಲ್ಲಿ ಅಜ್ಜಿಯನ್ನು ಕೇಳಿದೆ: "ಕೂಸು ನಿದ್ದೆಯಲ್ಲಿ ನಗುತ್ತಾ ಅಜ್ಜಿ?"

"ಅಯ್ಯೋ, ನಗದೇ ಏನು! ನರಿ ಬಂದು ನಗಿಸುತ್ತಲ್ಲ."

ಆಗ ಅವರ ಮುಖ ಅರಳಿತ್ತು. ನಗುವಿಗೆ ಅವರು ಹೆದರಲಿಲ್ಲ. ಬೆರಳು ಅದುರಿದರೆ ಹೆದರಿದರು. ಎರಡೂ ಅದೇ ಚುರುಕು ನಿದ್ದೆಯಲ್ಲಿ, ಅದೇ ನಿಮಿಷದಲ್ಲಿ ಬರುತ್ತವೆ ಎಂದು ವಿಡಿಯೋ ನಿಲ್ಲಿಸಿ ನಿಲ್ಲಿಸಿ ತೋರಿಸಿದೆ. ಅಜ್ಜಿ ಸುಮಾರು ಹೊತ್ತು ನೋಡಿದರು. "ಹಂಗಾದ್ರೆ ಈ ಬೆರಳೂ ನರಿಯದೇ" ಎಂದರು. ನಾನು ಹೌದೆಂದೆ.

ಈ ನಿದ್ದೆಯಲ್ಲಿ ಮಿದುಳು ಏನು ಮಾಡುತ್ತದೆ

ಹುಟ್ಟಿದ ಕೂಸು ದಿನಕ್ಕೆ ಸುಮಾರು 16 ಗಂಟೆ ಮಲಗುತ್ತದೆ. ಅದರಲ್ಲಿ ಹತ್ತಿರ ಹತ್ತಿರ ಅರ್ಧ ಚುರುಕು ನಿದ್ದೆ. ದೊಡ್ಡವರಲ್ಲಿ ಇದು ಕಾಲು ಭಾಗ ಮಾತ್ರ. ದಿನ ತುಂಬುವ ಮೊದಲೇ ಹುಟ್ಟಿದ ಕೂಸಿನಲ್ಲಿ ಅರ್ಧಕ್ಕಿಂತಲೂ ಜಾಸ್ತಿ. 1966ರಲ್ಲಿ ರಾಫ್‌ವಾರ್ಗ್, ಮುಜಿಯೊ, ಡಿಮೆಂಟ್ ಎಂಬ ಮೂವರು ಇದನ್ನು ಮುಂದಿಟ್ಟು ಒಂದು ಪ್ರಶ್ನೆ ಎತ್ತಿದರು. ಇಷ್ಟೊಂದು ಚುರುಕು ನಿದ್ದೆ ಇಷ್ಟು ಎಳೆಯ ಮಿದುಳಿಗೆ ಯಾಕೆ ಬೇಕು? ಮಿದುಳನ್ನು ಕಟ್ಟುವ ಕೆಲಸಕ್ಕೇ ಇರಬೇಕು ಎಂಬುದು ಅವರ ಊಹೆ.

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಮಾರ್ಕ್ ಬ್ಲಂಬರ್ಗ್ ಈ ಪ್ರಶ್ನೆಯ ಹಿಂದೆ ವರ್ಷಗಟ್ಟಲೆ ಬಿದ್ದಿದ್ದಾರೆ. ಅವರು ನೋಡಿದ್ದು ಇಲಿ ಮರಿಗಳನ್ನು. ಮಲಗಿದ ನಾಯಿಮರಿ ಕಾಲು ಅಲ್ಲಾಡಿಸಿದರೆ ಕನಸಿನಲ್ಲಿ ಓಡುತ್ತಿದೆ ಎನ್ನುತ್ತೇವೆ, ಅಲ್ವಾ? ಬ್ಲಂಬರ್ಗ್ ತಂಡ ಕಂಡದ್ದು ಬೇರೆ. ಮಿದುಳಿನ ಮೇಲ್ಪದರದ ಸಂಪರ್ಕ ತಪ್ಪಿಸಿದರೂ ಇಲಿಮರಿಯ ಕಾಲು ನಿದ್ದೆಯಲ್ಲಿ ಅದುರುತ್ತದೆ. ಅಂದರೆ ಇದು ಕನಸಿನ ನೆರಳಲ್ಲ. ಅದುರುವಿಕೆ ಹುಟ್ಟುವುದು ಕೆಳಗೆ, ಮಿದುಳಿನ ಕಾಂಡದಲ್ಲಿ. ಅಲ್ಲಿಂದ ಕಾಲಿಗೆ ಆದೇಶ ಹೋಗುತ್ತದೆ, ಕಾಲು ಅದುರುತ್ತದೆ, ಕಾಲು ಅದುರಿದ ಸುದ್ದಿ ಮಿದುಳಿಗೆ ವಾಪಸ್ ಬರುತ್ತದೆ.

ಇನ್ನೂ ಸೊಗಸಾದ ಸಂಗತಿ ಇದೆ. ಒಂದು ವಾರದ ಇಲಿಮರಿ ಎಚ್ಚರದಲ್ಲಿ ಕಾಲು ಆಡಿಸಿದರೆ ಮಿದುಳಿಗೆ ಬರುವ ಆ ಸುದ್ದಿ ಮಂಕು. ನಿದ್ದೆಯಲ್ಲಿ ಅದುರಿದರೆ ಜೋರು. ನಮ್ಮ ಕೈಯಿಂದ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬರಲ್ಲ. ನಾವೇ ಮಾಡಿದ್ದು ಎಂದು ಮಿದುಳಿಗೆ ಮೊದಲೇ ಗೊತ್ತಿರುವುದರಿಂದ ಅದು ಆ ಸುದ್ದಿಯನ್ನು ತಗ್ಗಿಸುತ್ತದೆ. ನಿದ್ದೆಯ ಅದುರುವಿಕೆಗೆ ಈ ತಗ್ಗಿಸುವಿಕೆ ಇಲ್ಲ. ಬೇರೆ ಯಾರೋ ಬಂದು ಕಾಲು ಮುಟ್ಟಿದರೇನೋ ಎನ್ನುವ ಹಾಗೆ ಮಿದುಳು ಅದನ್ನು ಗಮನಿಸುತ್ತದೆ.

ಮನುಷ್ಯರ ಕೂಸುಗಳಲ್ಲೂ ಇಂಥದ್ದೇ ಕಂಡಿದೆ. 2018ರಲ್ಲಿ ಲಂಡನ್ನಿನ ಕಿಂಬರ್ಲಿ ವೈಟ್‌ಹೆಡ್ ಮತ್ತು ಸಂಗಡಿಗರು 19 ನವಜಾತ ಕೂಸುಗಳ ಚುರುಕು ನಿದ್ದೆಯನ್ನು ಇಇಜಿ ಹಾಕಿ ನೋಡಿದರು. ಅವುಗಳಲ್ಲಿ ದಿನ ತುಂಬುವ ಮೊದಲೇ ಹುಟ್ಟಿದವೂ ಇದ್ದವು. ಬಲಗೈ ಆಡಿದಾಗ ಎಡ ಮಿದುಳಿನಲ್ಲಿ, ಕೈಯನ್ನು ನೋಡಿಕೊಳ್ಳುವ ಜಾಗದಲ್ಲೇ ಅಲೆ ಎದ್ದಿತು. ಅದು ಅತಿ ಹೆಚ್ಚು ಕಂಡದ್ದು ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳಲ್ಲಿ.

ತಾತನಿಗೆ ಇದನ್ನು ಹೇಗೆ ಹೇಳುವುದು ಎಂದು ಯೋಚಿಸುತ್ತಿದ್ದೆ. ಅವರೇ ದಾರಿ ಮಾಡಿಕೊಟ್ಟರು. ಕಾಫಿ ಹೂವಿಗೆ ಮುಂಚೆ ಸ್ಪ್ರಿಂಕ್ಲರ್ ಪೈಪ್ ಎಳೆದು ಜೋಡಿಸಿದ ಮೇಲೆ, ಎಲ್ಲ ಜೆಟ್ ಒಟ್ಟಿಗೆ ಬಿಟ್ಟರೆ ಎಲ್ಲಿ ಸೋರುತ್ತಿದೆ ಎಂದು ತಿಳಿಯಲ್ಲವಂತೆ. "ಒಂದೊಂದೇ ವಾಲ್ವ್ ಬಿಡ್ತೀವಿ ಮೇಡಂ. ಈ ವಾಲ್ವಿಗೆ ಯಾವ ಜೆಟ್ಟು ಅಂತ ಗೊತ್ತಾಗ್ಬೇಕಲ್ಲ." ಕೂಸು ಮಲಗಿದಾಗ ಆಗುವುದೂ ಅದೇ ಎಂದೆ. ಮೈ ಪೂರ್ತಿ ಸಡಿಲವಾಗಿರುವ ಹೊತ್ತಿನಲ್ಲಿ ಒಂದೇ ಬೆರಳು ಅದುರುತ್ತದೆ. ಯಾವ ನರಕ್ಕೆ ಯಾವ ಬೆರಳು ಎಂದು ಮಿದುಳು ನೋಡಿಕೊಳ್ಳುತ್ತದೆ. ತಾತ ತಲೆಯಾಡಿಸಿದರು. ಮುಂದೆ ಏನೂ ಹೇಳಬೇಕಾಗಲಿಲ್ಲ.

ಸಿರಪ್ ಬಿಡಿಸಿದ್ದು

ಈಗ ಆ ಸಿರಪ್ ವಿಷಯಕ್ಕೆ ಬರುತ್ತೇನೆ. ಈ ಜಾತಿಯ ಔಷಧಗಳು ಚುರುಕು ನಿದ್ದೆಯನ್ನು ಕಡಿಮೆ ಮಾಡುತ್ತವೆ. 2002ರಲ್ಲಿ ಬಿಟ್ಟಿಗಾವ್ ಮತ್ತು ಸಂಗಡಿಗರು ಇಲಿಮರಿಗಳಲ್ಲಿ ಫಿನೋಬಾರ್ಬಿಟಾಲ್ ಸೇರಿದಂತೆ ಹಲವು ಫಿಟ್ಸ್ ಔಷಧಗಳಿಂದ ಬೆಳೆಯುವ ಮಿದುಳಿನ ಜೀವಕೋಶಗಳು ಸಾಯುವುದನ್ನು ತೋರಿಸಿದರು. ಇಲಿಯ ಲೆಕ್ಕವನ್ನು ಹಾಗೇ ಮನುಷ್ಯರಿಗೆ ಹಾಕಬಾರದು. ನಿಜವಾದ ಫಿಟ್ಸ್ ಇದ್ದರೆ ಔಷಧ ಕೊಡಲೇಬೇಕು. ಆದರೆ ಫಿಟ್ಸ್ ಇಲ್ಲದ ಕೂಸಿಗೆ ಕೊಟ್ಟರೆ ಲಾಭ ಸೊನ್ನೆ, ಉಳಿಯುವುದು ಬರೀ ಭಾರ. ಮಿದುಳು ತನ್ನ ಕೈಕಾಲಿನ ಪರಿಚಯ ಮಾಡಿಕೊಳ್ಳುವ ಹೊತ್ತಿನಲ್ಲೇ ಅದನ್ನು ಮಂಕು ಮಾಡಿದಂತೆ. ಈ ಕಾರಣಕ್ಕೇ ಈ ಪ್ರಕರಣ ನನ್ನನ್ನು ಅಷ್ಟು ಕಾಡಿತು.

ಔಷಧವನ್ನು ಒಂದೇ ದಿನ ನಿಲ್ಲಿಸಲಿಲ್ಲ. ಡಾಕ್ಟರು ಕೆಲವು ವಾರಗಳಲ್ಲಿ ಹಂತ ಹಂತವಾಗಿ ಕಡಿಮೆ ಮಾಡಿದರು. ಇದನ್ನು ಯಾರೂ ಮನೆಯಲ್ಲಿ ತಾವಾಗಿ ಮಾಡಬಾರದು. ಎರಡನೇ ವಾರದ ಹೊತ್ತಿಗೆ ತಾಯಿ ಫೋನ್ ಮಾಡಿ, "ಹಸಿದು ಅಳ್ತಿದ್ದಾನೆ ಮೇಡಂ" ಎಂದರು. ಅಳುವನ್ನು ಅಷ್ಟು ಸಂತೋಷದಿಂದ ಹೇಳಿದವರನ್ನು ನಾನು ಕಂಡಿಲ್ಲ. ತೂಕ ಏರತೊಡಗಿತು.

ಇನ್ನೆರಡು ಸಣ್ಣ ವಿಷಯ ಹೇಳಿದ್ದೆವು. ಕತ್ತಿನಲ್ಲಿದ್ದ ತಾಯತದ ದಾರ ತೆಗೆದು ಗೋಡೆಗೆ ಕಟ್ಟಿದರು. ಕತ್ತಿನ ದಾರ ಕೂಸಿಗೆ ಬಿಗಿಯುವ ಅಪಾಯ ಇದೆ. ತಾಯತದ ಬಗ್ಗೆ ನಾನು ಬೇರೇನೂ ಹೇಳಲಿಲ್ಲ. ಜರ್ಕ್ ಬಂದಾಗ ಕೈ ಒತ್ತಿ ಹಿಡಿಯುವುದನ್ನು ಬಿಟ್ಟರು, ಹಿಡಿದರೆ ಅದು ಕೆಲವೊಮ್ಮೆ ಹೆಚ್ಚಾಗುತ್ತದೆ. ಅಜ್ಜಿ ತೊಟ್ಟಿಲ ಹಗ್ಗ ಬಿಚ್ಚಿಟ್ಟು, ತೊಡೆಯ ಮೇಲೇ ಮಲಗಿಸತೊಡಗಿದರು.

ಸಿರಪ್ ಬರೆದಿದ್ದ ಡಾಕ್ಟರಿಗೆ ನಮ್ಮ ಡಾಕ್ಟರು ಫೋನ್ ಮಾಡಿ ಇಇಜಿ ಮತ್ತು ವಿಡಿಯೋ ಎರಡನ್ನೂ ಕಳಿಸಿದರು. ಅವರು ಎಲ್ಲವನ್ನೂ ಕೇಳಿಕೊಂಡು, ಆ ತೂಗುವ ಪರೀಕ್ಷೆ ಹೇಗೆ ಮಾಡುವುದು ಎಂದು ಎರಡು ಸಲ ವಿಚಾರಿಸಿದರಂತೆ.

ಆಮೇಲೆ

ಏಳನೇ ವಾರದವರೆಗೂ ಜರ್ಕ್ ಇತ್ತು. ಮಧ್ಯೆ ಒಂದು ವಾರ ಜಾಸ್ತಿಯೂ ಆಯಿತು. ಆ ವಾರ ತಾಯಿ ಧೈರ್ಯ ಕಳೆದುಕೊಂಡು ರಾತ್ರಿ ಹನ್ನೊಂದಕ್ಕೆ ವಿಡಿಯೋ ಕಳಿಸಿದ್ದರು. ಎಬ್ಬಿಸಿ ನೋಡಿದಿರಾ ಎಂದು ಕೇಳಿದೆ. ಎಬ್ಬಿಸಿದ್ದರು, ನಿಂತಿತ್ತು. ಬೆಳಿಗ್ಗೆ ಡಾಕ್ಟರೂ ವಿಡಿಯೋ ನೋಡಿ ಅದೇ ಜರ್ಕ್ ಎಂದರು. ಹತ್ತನೇ ವಾರಕ್ಕೆ ದಿನಕ್ಕೊಂದು ಎರಡು. ಹನ್ನೆರಡನೇ ವಾರದ ನಂತರ ಯಾರೂ ನೋಡಿಲ್ಲ. ಕತ್ತು ನಿಂತಿತು, ದನಿ ಬಂದ ಕಡೆ ತಿರುಗುತ್ತಿತ್ತು, ಮುಖ ನೋಡಿ ನಗುತ್ತಿತ್ತು. ಮೂರು ತಿಂಗಳ ನಂತರ ಹೊಸದಾಗಿ, ನಿದ್ದೆಯಿಂದ ಎದ್ದ ಕೂಡಲೇ ಸಾಲು ಸಾಲಾಗಿ ಮೈ ಮುದುಡುವಂಥದ್ದು ಕಂಡರೆ ತಕ್ಷಣ ಬರಬೇಕೆಂದು ಡಾಕ್ಟರು ಹೇಳಿಟ್ಟಿದ್ದರು. ಅದು ಬೇರೆಯೇ ಕಾಯಿಲೆ, ತಡ ಮಾಡುವಂತಿಲ್ಲ. ಅಂಥದ್ದೇನೂ ಬರಲಿಲ್ಲ.

ನಾಲ್ಕು ತಿಂಗಳು ತುಂಬಿದ ವಾರ ಒಂದು ವಿಡಿಯೋ ಬಂತು. ಹತ್ತು ನಿಮಿಷದ್ದು. ನಾವು ಕೇಳಿರಲಿಲ್ಲ. ಅಜ್ಜಿ ತಾವಾಗಿ ತೊಟ್ಟಿಲಿಗೆ ಮತ್ತೆ ಹಗ್ಗ ಕಟ್ಟಿದ್ದಾರೆ, ಅದೇ ತಲೆಯ ಕಡೆಗೆ. ಕೂಸು ಗಾಢ ನಿದ್ದೆಯಲ್ಲಿದೆ. ಅಜ್ಜಿ ಕೂತಲ್ಲಿಂದ ಎಳೆಯುತ್ತಾರೆ, ಬಿಡುತ್ತಾರೆ, ಎಳೆಯುತ್ತಾರೆ. ಹತ್ತು ನಿಮಿಷವೂ ಕಣ್ಣು ಕೂಸಿನ ಕೈ ಮೇಲೇ ಇದೆ. ಕೈ ಅಲುಗಲಿಲ್ಲ.